ಬುದ್ಧಿ ಕಲಿಸುವುದು

ನಮ್ಮ ಕನ್ನಡದಲ್ಲಿ 'ಬುದ್ಧಿ ಕಲಿಸುವುದು' ಎಂಬ ಮಾತಿಗೆ ಎರಡು ಅರ್ಥಗಳಿವೆ. ತಾಯಿ ಮಗುವಿಗೆ ಬುದ್ಧಿ ಕಲಿಸಿದಳು ಎಂದರೆ ಒಳ್ಳೆಯದು ಕೆಟ್ಟದ್ದನ್ನು ತಿಳಿಸಿಕೊಟ್ಟಳು ಎಂದರ್ಥ. ಅದೇ ತಾಯಿ, 'ತಾಳು, ನಿನಗೆ ಸರಿಯಾಗಿ ಬುದ್ಧಿ ಕಲಿಸ್ತೀನಿ' ಎಂದಳೆಂದರೆ ಬೆನ್ನಿಗೆ ನಾಲ್ಕು ಬೀಳುವುದು ಖಂಡಿತ. 'ಪಾಠ ಕಲಿಸ್ತೀನಿ' ಎನ್ನುವುದೂ ಅಷ್ಟೆ. ಇಪ್ಪತ್ತೆಂಟು ವರ್ಷಗಳಿಂದ ಶಾಲೆಯಲ್ಲಿ ನಿಜವಾಗಿಯೂ ಪಾಠ ಕಲಿಸುತ್ತಿರುವ ನನಗೆ, ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡುವವರು ಈ ಮಾತನ್ನಾಡಿದಾಗಲೆಲ್ಲ ನಗುವೂ ಬರುತ್ತದೆ, ಒಂದಿಷ್ಟು ಬೇಸರವೂ ಆಗುತ್ತದೆ. ಕಲಿಸುವುದು ಮತ್ತು ದಂಡಿಸುವುದು ನಮ್ಮ ನಾಲಿಗೆಯ ಮೇಲೆ ಹೀಗೆ ಒಂದೇ ಆಗಿಬಿಟ್ಟದ್ದು ಹೇಗೆ?

ನಾವು ಮಾತ್ರವಲ್ಲ, ಇಂಗ್ಲಿಷರೂ ಇದರಲ್ಲಿ ಹಿಂದೆ ಬಿದ್ದವರಲ್ಲ. ಬೇಟೆ ನಾಯಿಗೆ ಕೆಲಸ ಕಲಿಸುವುದನ್ನು ಅವರು 'ಡಾಗ್ ಬ್ರೇಕಿಂಗ್' ಎನ್ನುತ್ತಿದ್ದರು. ಅಂದರೆ ನಾಯಿಯನ್ನು ಮುರಿಯುವುದು! ಅದಕ್ಕೆ ಹೋಲಿಸಿದರೆ ನಮ್ಮ 'ಪಳಗಿಸುವುದು' ಎಷ್ಟೋ ಮೃದುವಾದ ಮಾತು. ಪಳಗುವುದೆಂದರೆ ಒಗ್ಗಿಕೊಳ್ಳುವುದು, ರೂಢಿಯಾಗುವುದು. ಮನೆಯ ನಾಯಿಗೆ ಕೂರು, ನಿಲ್ಲು, ಕೈ ಕೊಡು ಎಂದು ನಾಲ್ಕು ಆಟ ಕಲಿಸುವುದರಲ್ಲಿ ಎಂಥ ಇತಿಹಾಸ ಎಂದು ನೀವು ಕೇಳಬಹುದು. ಇದೆ. ಅದು ಮುರಿಯುವುದರಿಂದ ಪಳಗಿಸುವುದರವರೆಗೆ ಬಂದ ಇತಿಹಾಸ. ಅದರಲ್ಲಿ ಹೆಂಗಸರ ಪಾಲು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು.

ನಾಯಿಯ ಮಾತು ಬಂದಾಗ ಮಂಡ್ಯ ಜಿಲ್ಲೆಯವರಾದ ನಾವು ಸ್ವಲ್ಪ ಬೀಗಬಹುದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಕ್ರಿ.ಶ. 949-50ರ ಕಾಲದ ವೀರಗಲ್ಲು ಒಂದಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಅವನ ಕಡೆಯ ಗಂಗರ ಇಮ್ಮಡಿ ಬೂತುಗನೂ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ಸಂಗತಿ ಅದರಲ್ಲಿದೆ. ಆ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರ ಎಂಬ ವೀರನಿಗೆ ಬೂತುಗ ಮೆಚ್ಚಿ, ಬೇಕಾದದ್ದನ್ನು ಕೇಳು ಎಂದನಂತೆ. ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಹೆಸರಿನ ನಾಯಿಯನ್ನು! ಆ ಕಾಳಿ ಮುಂದೆ ಬೆಳತೂರಿನ ಬೆಟ್ಟದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟುಕೊಟ್ಟರು. ನಾಯಿಯೂ ಹಂದಿಯೂ ಹೋರಾಡುತ್ತಿರುವ ಚಿತ್ರ ಆ ಕಲ್ಲಿನಲ್ಲಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಎರಡು ಸಾಮ್ರಾಜ್ಯಗಳ ಯುದ್ಧವನ್ನೂ ಒಂದು ನಾಯಿಯ ಸಾವನ್ನೂ ಒಂದೇ ಕಲ್ಲಿನಲ್ಲಿ ಬರೆಸಿದ ಆ ಕಾಲದವರ ಮನಸ್ಸು ದೊಡ್ಡದು.

ಕಾಳಿಗೆ ಬೇಟೆ ಕಲಿಸಿದವರು ಯಾರು, ಹೇಗೆ ಕಲಿಸಿದರು ಎಂಬುದು ಮಾತ್ರ ಕಲ್ಲಿನಲ್ಲಿಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜರ ವಿನೋದಗಳ ನಡುವೆ 'ಸಾರಮೇಯ ವಿನೋದ' ಎಂದು ನಾಯಿಗಳಿಗೇ ಒಂದು ಭಾಗವಿದೆ. ಆದರೆ ನಾಯಿಯ ಕಲಿಕೆ ಬಹುಕಾಲ ಬೇಟೆಗಾರರ, ಕುರಿಗಾಹಿಗಳ ಕೈಯಲ್ಲಿದ್ದ ವಿದ್ಯೆ. ಅಪ್ಪ ಮಾಡಿದ್ದನ್ನು ಮಗ ನೋಡಿ ಕಲಿಯುತ್ತಿದ್ದ, ಅಷ್ಟೆ.

ಅದನ್ನು ಪುಸ್ತಕವಾಗಿ ಬರೆದು ಹೆಸರು ಮಾಡಿದವರಲ್ಲಿ ಡಬ್ಲ್ಯು. ಎನ್. ಹಚಿನ್ಸನ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಒಬ್ಬ. 1848ರಲ್ಲಿ ಬಂದ ಅವನ ಪುಸ್ತಕದ ಹೆಸರೇನೋ 'ಡಾಗ್ ಬ್ರೇಕಿಂಗ್'. ಆದರೆ ಚಾವಟಿಗಿಂತ ತಾಳ್ಮೆಯೂ ಬಹುಮಾನದ ತುಣುಕೂ ಹೆಚ್ಚು ಕೆಲಸ ಮಾಡುತ್ತವೆ ಎಂಬುದು ಅವನ ವಾದವಾಗಿತ್ತು. ಹೆಸರು ಮುರಿಯುವುದು, ಒಳಗಿನ ಮಾತು ಪಳಗಿಸುವುದು! ಆದರೆ ಲೋಕ ಹಿಡಿದದ್ದು ಬೇರೆ ದಾರಿಯನ್ನು. ಜರ್ಮನಿಯ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ 1906ರಿಂದ ಪೊಲೀಸ್ ನಾಯಿಗಳಿಗೆ ತರಬೇತಿ ಕೊಡಲು ಆರಂಭಿಸಿ 1910ರಲ್ಲಿ ಒಂದು ಪುಸ್ತಕ ಬರೆದ. ನಾಯಿ ಮನುಷ್ಯನ ಹಾಗೆ ಯೋಚಿಸುವುದಿಲ್ಲ, ಅದು ಮಾಡಿದ ಕೆಲಸಕ್ಕೆ ಫಲ ಆ ಕ್ಷಣದಲ್ಲೇ ಸಿಗಬೇಕು ಎಂಬ ಸೂಕ್ಷ್ಮವನ್ನು ಅವನು ಸರಿಯಾಗಿಯೇ ಕಂಡುಕೊಂಡಿದ್ದ. ಆದರೆ ಅವನ ಪದ್ಧತಿಯಲ್ಲಿ ಬಲವಂತಕ್ಕೆ ದೊಡ್ಡ ಜಾಗವಿತ್ತು. ಮುಂದೆ ಎರಡು ಮಹಾಯುದ್ಧಗಳಲ್ಲಿ ಸಾವಿರಾರು ನಾಯಿಗಳು ಸೈನ್ಯ ಸೇರಿದವು. ಯುದ್ಧ ಮುಗಿಸಿ ಬಂದ ತರಬೇತುದಾರರು ಊರಿನ ಜನರ ಸಾಕು ನಾಯಿಗಳಿಗೂ ಅದೇ ಸೈನ್ಯದ ಶಿಸ್ತನ್ನು ಹೇಳಿಕೊಟ್ಟರು. ಕುತ್ತಿಗೆಗೆ ಬಿಗಿಯುವ ಸರಪಳಿ, ಸರಕ್ಕನೆ ಒಂದು ಎಳೆತ, ಗಟ್ಟಿ ಧ್ವನಿ. ನಮ್ಮ 'ದಂಡಂ ದಶಗುಣಂ' ಅವರ ಭಾಷೆಯಲ್ಲಿಯೂ ಇತ್ತು ಎನ್ನೋಣ.

ಇನ್ನೊಂದು ಕಡೆ, ಪ್ರಯೋಗಶಾಲೆಯಲ್ಲಿ ಬೇರೆಯೇ ಕಥೆ ನಡೆಯುತ್ತಿತ್ತು. ಬಿ.ಎಡ್. ಓದಿದವರೆಲ್ಲ ಪಾವ್ಲೋವನ ನಾಯಿಯನ್ನು ಬಲ್ಲರು. ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯಲ್ಲಿ ಹತ್ತು ಅಂಕದ ಪ್ರಶ್ನೆಗೆ ಬಂದೇ ಬರುವ ನಾಯಿ ಅದು! ರಷ್ಯಾದ ಇವಾನ್ ಪಾವ್ಲೋವ್ ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಡೆದವನು. ತಿನ್ನಲು ಕೊಡುವ ಮೊದಲೇ, ಆಹಾರ ತರುವವನನ್ನು ಕಂಡೊಡನೆಯೇ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುವುದನ್ನು ಗಮನಿಸಿ, ಶಬ್ದಕ್ಕೂ ಊಟಕ್ಕೂ ನಾಯಿ ನಂಟು ಕಟ್ಟಿಕೊಳ್ಳುವ ಬಗೆಯನ್ನು ತೋರಿಸಿಕೊಟ್ಟ. ನಾವು ಪರೀಕ್ಷೆಗೆ ಬಾಯಿಪಾಠ ಮಾಡುವಾಗ ಯಾರೂ ಹೇಳದಿದ್ದ ಒಂದು ಸಂಗತಿ ಇದೆ. ಆ ನಾಯಿಗಳ ಜೊಲ್ಲನ್ನು ಅಳೆಯಲು ಅವುಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಕೊಳವೆ ಕೂರಿಸುತ್ತಿದ್ದರು. 1935ರಲ್ಲಿ ಪಾವ್ಲೋವನ ಸಲಹೆಯಂತೆ ಆ ಸಂಸ್ಥೆಯ ಆವರಣದಲ್ಲಿಯೇ, ಇಂದಿನ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ನಾಯಿಗೊಂದು ಸ್ಮಾರಕ ಎದ್ದಿತು. ಆತಕೂರಿನ ಕಾಳಿಗೆ ಹೆಸರಿದೆ. ಪೀಟರ್ಸ್‌ಬರ್ಗಿನ ನಾಯಿಗೆ ಹೆಸರಿಲ್ಲ.

ಅಮೆರಿಕದ ಥಾರ್ನ್‌ಡೈಕ್ ಎಂಬುವನು 1898ರಲ್ಲಿ ಬೆಕ್ಕು, ನಾಯಿಗಳನ್ನು ಅಗಳಿ ಇರುವ ಪೆಟ್ಟಿಗೆಯೊಳಗಿಟ್ಟು, ಅವು ಹೊರಬರುವುದನ್ನು ಹೇಗೆ ಕಲಿಯುತ್ತವೆ ಎಂದು ಗಡಿಯಾರ ಹಿಡಿದು ನೋಡಿದ. ಯಾವ ಕೆಲಸದಿಂದ ಸುಖ ಸಿಕ್ಕಿತೋ ಅದನ್ನು ಪ್ರಾಣಿ ಮತ್ತೆ ಮಾಡುತ್ತದೆ ಎಂಬುದೇ ಅವನ ಪರಿಣಾಮ ನಿಯಮ. ಮೊದಲು ಅವನು ಇದಕ್ಕೆ ಇನ್ನೊಂದು ಅರ್ಧವನ್ನೂ ಸೇರಿಸಿದ್ದ: ಯಾವುದರಿಂದ ದುಃಖವಾಯಿತೋ ಅದನ್ನು ಬಿಡುತ್ತದೆ ಎಂದು. ಮುಂದೆ 1930ರ ದಶಕದ ಮೊದಲಲ್ಲಿ ತನ್ನದೇ ಪ್ರಯೋಗಗಳನ್ನು ನೋಡಿ ಆ ಎರಡನೆಯ ಅರ್ಧವನ್ನು ಅವನೇ ತಿದ್ದಿಕೊಂಡ. ಬಹುಮಾನ ಕಲಿಕೆಯನ್ನು ಗಟ್ಟಿ ಮಾಡುವಷ್ಟು ಶಿಕ್ಷೆ ತಪ್ಪನ್ನು ಅಳಿಸುವುದಿಲ್ಲ ಎಂದ. ದಂಡಕ್ಕೆ ಹತ್ತು ಗುಣಗಳಿದ್ದರೂ ಕಲಿಸುವ ಗುಣ ಮಾತ್ರ ಕಡಿಮೆ ಎಂದು ಇದನ್ನು ನಾನು ಅರ್ಥ ಮಾಡಿಕೊಂಡಿದ್ದೇನೆ.

ಇದೆಲ್ಲ ನನಗೆ ಪುಸ್ತಕದ ವಿದ್ಯೆಯಾಗಿ ಉಳಿಯದೆ ಮನೆಯೊಳಗೆ ಬಂದದ್ದು ನಮ್ಮ ಬೆಳ್ಳಿಯ ಕಾರಣದಿಂದ. ಬೆಳ್ಳಿ ಯಾವ ಜಾತಿಯದೂ ಅಲ್ಲದ ಬೀದಿ ನಾಯಿ. ಮರಿಯಾಗಿದ್ದಾಗ ಮಳೆಗೆ ನೆನೆದು ನಮ್ಮ ಜಗುಲಿಗೆ ಬಂದದ್ದು ಮತ್ತೆ ಹೋಗಲಿಲ್ಲ. ಮನೆಯವರು ಯಾರು ಒಳಗೆ ಬಂದರೂ ಹಾರಿ ಎದೆಗೆ ಕಾಲಿಡುವುದು ಅದರ ಪ್ರೀತಿ ತೋರಿಸುವ ಬಗೆ. ಏಳು ವರ್ಷ ಅದರಿಂದ ಯಾರಿಗೂ ತೊಂದರೆ ಆಗಲಿಲ್ಲ. ಎರಡು ವರ್ಷಗಳ ಕೆಳಗೆ ನಮ್ಮ ಅತ್ತೆಯವರು ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಗಿ, ವಾಕರ್ ಹಿಡಿದು ಮನೆಗೆ ಬಂದಾಗ ಅವರಿಗೆ ಎಂಬತ್ತು. ಬೆಳ್ಳಿ ಒಂದು ಸಲ ಹಾರಿದರೆ ಸಾಕಾಗಿತ್ತು, ಮತ್ತೆ ಆಸ್ಪತ್ರೆ.

ನಮ್ಮ ಯಜಮಾನರು, "ತೋಟದ ಮನೆಗೆ ಬಿಟ್ಟು ಬರ್ತೀನಿ, ಆಳುಗಳು ನೋಡ್ಕೋತಾರೆ" ಎಂದರು. ಪಕ್ಕದ ಮನೆಯವರು, "ಒಂದೆರಡು ದಿನ ಕೋಲು ಹಿಡ್ಕೊಂಡು ನಿಂತ್ಕೊಳ್ಳಿ ಮೇಡಂ, ತಾನೇ ಬುದ್ಧಿ ಬರುತ್ತೆ" ಎಂದರು. ಅತ್ತೆಯವರು ಮಾತ್ರ, "ಅದ್ಯಾಕೆ ಕಳಿಸ್ತೀರಪ್ಪ? ನಾ ಹೊರಗೆ ಹೋಗಂಗಿಲ್ಲ, ಮಾತಾಡ್ಸಕ್ಕೆ ಅದೊಂದಾದ್ರೂ ಇರ್ಲಿ" ಎಂದು ಮುಖ ಸಣ್ಣ ಮಾಡಿಕೊಂಡರು. ಹಗಲೆಲ್ಲ ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದುದು ಅವರು, ಕೆಲಸದ ಹೆಂಗಸು ಮತ್ತು ಬೆಳ್ಳಿ. ಪಶುವೈದ್ಯ ಓದುತ್ತಿರುವ ನಾದಿನಿಯ ಮಗಳು ಆ ವಾರ ಬಂದವಳು, "ಹದಿನೈದು ದಿನ ಟೈಮ್ ಕೊಡಿ ಮಾವ" ಎಂದು ತನ್ನ ಮಾವನ ಬಾಯಿ ಮುಚ್ಚಿಸಿ, ನನ್ನ ಕೈಗೆ ಒಂದೆರಡು ಪುಸ್ತಕ ಕೊಟ್ಟು ಹೋದಳು. ನಾನು ಆ ಹೆಂಗಸರ ಕಥೆ ಓದಿದ್ದು ಆಗಲೇ.

ಹೆಲೆನ್ ವೈಟ್‌ಹೌಸ್ ವಾಕರ್ ಎಂಬಾಕೆ ನ್ಯೂಯಾರ್ಕ್ ಪ್ರಾಂತದಲ್ಲಿ ಪೂಡಲ್ ನಾಯಿಗಳನ್ನು ಸಾಕುತ್ತಿದ್ದರು. ಗುಂಗುರು ಕೂದಲಿನ ಪೂಡಲ್ ಎಂದರೆ ಬರೀ ಶೋಕಿಯ ನಾಯಿ ಎಂದು ಜನ ಹಂಗಿಸುತ್ತಿದ್ದರಂತೆ. ಅದೂ ಬುದ್ಧಿವಂತ ಪ್ರಾಣಿಯೇ ಎಂದು ತೋರಿಸಲು 1933ರಲ್ಲಿ ಆಕೆ ಮೌಂಟ್ ಕಿಸ್ಕೋ ಎಂಬಲ್ಲಿ ವಿಧೇಯತೆಯ ಸ್ಪರ್ಧೆಯೊಂದನ್ನು ಏರ್ಪಡಿಸಿದರು. ಆಮೇಲೆ ಆಕೆಯ ಪತ್ರಿಕಾ ಜಾಹೀರಾತು ನೋಡಿ ನಾಯಿಗಳ ಕೆಲಸಕ್ಕೆ ಬಂದು ಸೇರಿದವರು ಬ್ಲಾಂಚ್ ಸಾಂಡರ್ಸ್. 1937ರಲ್ಲಿ ಈ ಇಬ್ಬರು ಹೆಂಗಸರು ಕಾರಿನ ಹಿಂದೆ ಮಲಗುವ ಗಾಡಿಯೊಂದನ್ನು ಕಟ್ಟಿಕೊಂಡು, ಪೂಡಲ್‌ಗಳನ್ನು ಕೂರಿಸಿಕೊಂಡು, ಊರೂರು ಸುತ್ತಿ ನಾಯಿಗೆ ಮನೆಯಲ್ಲೇ ಹೇಗೆ ಕಲಿಸಬಹುದೆಂದು ತೋರಿಸಿದರು. ಸುಮಾರು 10,000 ಮೈಲಿ! ಅವರ ಪದ್ಧತಿಯಲ್ಲಿ ಹಗ್ಗದ ಎಳೆತ ಇನ್ನೂ ಇತ್ತು, ಆದರೆ ಅದರ ಹಿಂದೆಯೇ ಹೊಗಳಿಕೆಯೂ ಇತ್ತು. 1946ರಲ್ಲಿ ಸಾಂಡರ್ಸ್ ಬರೆದ ಪುಸ್ತಕದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, 'ನಿಮ್ಮ ನಾಯಿಗೆ ಕಲಿಸಲು ನಿಮಗೆ ತರಬೇತಿ'. ಕಲಿಯಬೇಕಾದವರು ಮೊದಲು ಯಾರು ಎಂಬುದು ಹೆಸರಿನಲ್ಲೇ ಇದೆ.

ನನಗೆ ತುಂಬ ಹಿಡಿಸಿದ್ದು ಮೇರಿಯನ್ ಬ್ರೆಲೆಂಡ್ ಅವರ ಕಥೆ. 1920ರಲ್ಲಿ ಹುಟ್ಟಿದ ಆಕೆ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಸ್ಕಿನ್ನರನ ಶಿಷ್ಯೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಿಟ್ಟಿನ ಗಿರಣಿಯೊಂದರ ಮೇಲಂತಸ್ತಿನಲ್ಲಿ ಸ್ಕಿನ್ನರ್ ಪಾರಿವಾಳಗಳಿಗೆ ಗುರಿ ಕುಕ್ಕುವುದನ್ನು ಕಲಿಸುತ್ತಿದ್ದ. ಆಕೆ, ಆಕೆಯ ಪತಿ ಕೆಲರ್ ಇಬ್ಬರೂ ಅಲ್ಲಿ ಕೆಲಸ ಮಾಡಿದರು. ಕೊನೆಯ ಗುರಿಯನ್ನು ಒಮ್ಮೆಲೇ ಬಯಸದೆ, ಅದರ ಕಡೆಗೆ ಪ್ರಾಣಿ ಇಟ್ಟ ಒಂದೊಂದು ಸಣ್ಣ ಹೆಜ್ಜೆಗೂ ಕಾಳು ಕೊಡುತ್ತ ಹೋದರೆ ಏನನ್ನು ಬೇಕಾದರೂ ಕಲಿಸಬಹುದೆಂದು ಅವರು ಕಂಡರು. ಓದನ್ನು ಅಲ್ಲಿಗೇ ನಿಲ್ಲಿಸಿ, ಇದನ್ನೇ ಬದುಕಿನ ಕಸುಬಾಗಿ ಮಾಡಿಕೊಂಡರು. ದೂರದಲ್ಲಿರುವ ಪ್ರಾಣಿಗೆ ತಿಂಡಿ ತಲುಪುವುದು ತಡವಾಗುತ್ತದಲ್ಲವೇ? ಅದಕ್ಕೆ ಅವರು ಹೂಡಿದ ಉಪಾಯ ಒಂದು ಸಣ್ಣ 'ಟಿಕ್' ಶಬ್ದ. 'ಈಗ ಮಾಡಿದೆಯಲ್ಲ, ಅದೇ ಸರಿ, ತಿಂಡಿ ಬರುತ್ತಿದೆ' ಎಂದು ಆ ಶಬ್ದದ ಅರ್ಥ. ಪಾವ್ಲೋವ್ ಮತ್ತು ಥಾರ್ನ್‌ಡೈಕ್ ಇಬ್ಬರೂ ಆ ಟಿಕ್ಕಿನಲ್ಲಿ ಕೂಡಿಕೊಂಡರು.

ತಮಾಷೆ ಎಂದರೆ, ಆ ಕಾಲದ ನಾಯಿ ತರಬೇತುದಾರರು ಇದನ್ನು ಒಪ್ಪಲೇ ಇಲ್ಲ. ತಲೆಮಾರಿನಿಂದ ಬಂದ ನಮ್ಮ ಪದ್ಧತಿ ಇರುವಾಗ ಇದೇನು ಎಂದರು. ದಂಪತಿಗಳು ಕೋಳಿ, ಹಂದಿ, ಮೊಲಗಳ ಕಡೆ ತಿರುಗಿದರು. 1955ರಲ್ಲಿ ಅರ್ಕನ್ಸಾಸ್ ಪ್ರಾಂತದ ಹಾಟ್ ಸ್ಪ್ರಿಂಗ್ಸ್ ಊರಿನಲ್ಲಿ 'ಐ.ಕ್ಯೂ. ಜೂ' ತೆರೆದು ಪಿಯಾನೋ ಬಾರಿಸುವ, ಕುಣಿಯುವ ಪ್ರಾಣಿಗಳನ್ನು ತೋರಿಸಿದರು. ಆಮೇಲೆ ಮೇರಿಯನ್ ಈ ವಿದ್ಯೆಯನ್ನು ಮನುಷ್ಯರಿಗೂ ತಂದರು. 1960ರ ದಶಕದಲ್ಲಿ, ಬುದ್ಧಿಮಾಂದ್ಯತೆಯಿಂದಾಗಿ ಏನೂ ಕಲಿಯಲಾರರು ಎಂದು ಕೈಬಿಟ್ಟಿದ್ದ ಜನರನ್ನು ನೋಡಿಕೊಳ್ಳುವ ಆಯಾಗಳಿಗೆ, ಹೊಡೆಯದೆ ಬಡಿಯದೆ ಕಲಿಸುವ ಬಗೆಯನ್ನು ಹೇಳಿಕೊಟ್ಟರು. ಪತಿ 1965ರಲ್ಲಿ ತೀರಿಕೊಂಡರು. ಮೂರು ಮಕ್ಕಳ ತಾಯಿಯಾದ ಆಕೆ, ಎಂದೋ ನಿಲ್ಲಿಸಿದ್ದ ಓದನ್ನು ಐವತ್ತು ದಾಟಿದ ಮೇಲೆ ಮುಂದುವರಿಸಿ 1978ರಲ್ಲಿ ಡಾಕ್ಟರೇಟ್ ಪಡೆದರು. ಒಲೆಯ ಮುಂದೆ ಓದು ನಿಂತುಹೋದ ನಮ್ಮಂಥವರು ನೆನಪಿಟ್ಟುಕೊಳ್ಳಬೇಕಾದ ಇಸವಿ ಇದು.

ಸ್ಕಿನ್ನರನೂ 1951ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ, ಪ್ರಾಣಿಗಳಿಗೆ ಮನೆಯಲ್ಲೇ ಕಲಿಸುವುದು ಹೇಗೆಂದು ಸಾಮಾನ್ಯರಿಗಾಗಿ ಬರೆದ. ಅಗ್ಗದ ಅಂಗಡಿಯ ಟಿಕ್ ಟಿಕ್ ಆಟಿಕೆ ಸಾಕು ಎಂದ. ನಾವು ಚಿಕ್ಕವರಿದ್ದಾಗ ಜಾತ್ರೆಯಲ್ಲಿ ಕೊಳ್ಳುತ್ತಿದ್ದ ತಗಡಿನ ಕಪ್ಪೆಯಂಥದ್ದು. ಆದರೂ ಸರಪಳಿಯ ಕಾಲ ಮುಗಿಯಲಿಲ್ಲ. 1962ರಲ್ಲಿ ಬಂದ ವಿಲಿಯಂ ಕೇಲರನ ಕಠಿಣ ಪದ್ಧತಿಯ ಪುಸ್ತಕ ಅಮೆರಿಕದಲ್ಲಿ ಭಾರಿ ಮಾರಾಟವಾಯಿತು. 1980ರಲ್ಲಿ ಬ್ರಿಟನ್ನಿನ ಟಿವಿಯಲ್ಲಿ ಬಾರ್ಬರಾ ವುಡ್‌ಹೌಸ್ ಎಂಬ ಎಪ್ಪತ್ತು ವರ್ಷದ ಅಜ್ಜಿ ನಾಯಿ ಕಲಿಸುವ ಪಾಠ ಮಾಡಿ ಮನೆಮಾತಾದರು. ಅವರ ಕೈಯಲ್ಲಿಯೂ ಬಿಗಿಯುವ ಸರಪಳಿ ಇತ್ತು.

ಸರಪಳಿಯನ್ನು ಸಡಿಲಿಸಿದ್ದು ಕೊನೆಗೆ ಒಂದು ಸಮುದ್ರ ಪ್ರಾಣಿ! 1963ರ ಹೊತ್ತಿಗೆ ಹವಾಯಿಯ ಸೀ ಲೈಫ್ ಪಾರ್ಕಿನಲ್ಲಿ ಕರೆನ್ ಪ್ರಯರ್ ಎಂಬಾಕೆ ಡಾಲ್ಫಿನ್‌ಗಳಿಗೆ ಆಟ ಕಲಿಸಲು ನಿಂತರು. ಡಾಲ್ಫಿನ್ನಿಗೆ ಹಗ್ಗ ಕಟ್ಟಲಾಗದು, ಹೊಡೆಯಲಾಗದು. ಬೇಸರವಾದರೆ ಅದು ಕೊಳದ ಆಚೆ ಬದಿಗೆ ಈಜಿಹೋಗುತ್ತದೆ, ಅಷ್ಟೆ. ಉಳಿದದ್ದು ಒಂದು ಸೀಟಿ, ಒಂದು ಬಕೆಟ್ ಮೀನು ಮತ್ತು ತಾಳ್ಮೆ. ಅಲ್ಲಿ ಕಲಿತದ್ದನ್ನು ಆಕೆ 1984ರಲ್ಲಿ 'ಡೋಂಟ್ ಶೂಟ್ ದ ಡಾಗ್' ಎಂಬ ಪುಸ್ತಕದಲ್ಲಿ ಬರೆದರು. ಅದು ನಾಯಿಗಿಂತ ಹೆಚ್ಚಾಗಿ ಗಂಡ, ಮಕ್ಕಳು, ನೆರೆಹೊರೆಯವರ ಜೊತೆ ಬಾಳುವ ಬಗೆಗಿನ ಪುಸ್ತಕ. ಆದರೆ ನಾಯಿ ಸಾಕಿದವರೇ ಅದನ್ನು ಹೆಚ್ಚು ಹಿಡಿದುಕೊಂಡರು. 1992ರಿಂದ ಆಕೆ ನಡೆಸಿದ ಶಿಬಿರಗಳ ಮೂಲಕ, ಐವತ್ತು ವರ್ಷ ಹಿಂದೆ ನಾಯಿ ತರಬೇತುದಾರರು ಬೇಡವೆಂದಿದ್ದ ಆ 'ಟಿಕ್' ಮನೆಮನೆ ಸೇರಿತು.

ನಮ್ಮ ಮನೆಗೂ ಸೇರಿತು. ನನ್ನಲ್ಲಿ ತಗಡಿನ ಕಪ್ಪೆ ಇರಲಿಲ್ಲ. ಉತ್ತರ ಪತ್ರಿಕೆ ತಿದ್ದುವ ಕೆಂಪು ಬಾಲ್‌ಪೆನ್ನು ಇತ್ತು. ಅದರ ಗುಂಡಿ ಒತ್ತಿದರೆ ಟಿಕ್ ಎನ್ನುತ್ತದೆ. ಮೊದಲ ದಿನ ಟಿಕ್ ಎನ್ನಿಸುವುದು, ಬೇಯಿಸಿದ ಮೊಟ್ಟೆಯ ಕಡಲೆಕಾಳಿನಷ್ಟು ಚೂರು ಕೊಡುವುದು, ಇಷ್ಟೇ ಹತ್ತು ಸಲ. ಶಬ್ದ ಬಂದರೆ ತಿಂಡಿ ಬರುತ್ತದೆಂದು ಬೆಳ್ಳಿಗೆ ತಿಳಿಯಿತು. ಎರಡನೆಯ ದಿನ ಚೂರನ್ನು ಅದರ ಮೂಗಿನ ಹತ್ತಿರ ಹಿಡಿದು, ನಿಧಾನವಾಗಿ ತಲೆಯ ಹಿಂದಕ್ಕೆ ಒಯ್ದೆ. ಮೂಗು ಮೇಲೆ ಹೋದಂತೆ ಹಿಂಭಾಗ ತಾನೇ ನೆಲಕ್ಕೆ ಕೂರುತ್ತದೆ. ಕೂತ ಕ್ಷಣವೇ ಟಿಕ್, ಚೂರು. ನಾಲ್ಕಾರು ಸಲ ಆದ ಮೇಲೆ 'ಕೂತ್ಕೊ' ಎಂಬ ಮಾತನ್ನು ಸೇರಿಸಿದೆ. ಒಂದು ಹೊತ್ತಿಗೆ ಮೂರು ನಾಲ್ಕು ನಿಮಿಷ, ದಿನಕ್ಕೆ ಎರಡು ಮೂರು ಹೊತ್ತು ಸಾಕು. ಹೆಚ್ಚಾದರೆ ನಾಯಿಗೂ ಬೇಸರ, ನಮಗೂ ಬೇಸರ. ಹಾರಿದರೆ ಬೈಯಲಿಲ್ಲ, ಬೈಗುಳವೂ ಅದಕ್ಕೆ ಮಾತಾಡಿಸಿದಂತೆಯೇ. ಮುಖ ತಿರುಗಿಸಿ ಸುಮ್ಮನೆ ನಿಂತರೆ ಸಾಕು. ನಾಲ್ಕೂ ಕಾಲು ನೆಲಕ್ಕೆ ಬಂದೊಡನೆ ಟಿಕ್.

ಕಷ್ಟವಾದದ್ದು ಬೆಳ್ಳಿಗಲ್ಲ, ಮನೆಯವರಿಗೆ. ಒಬ್ಬರು 'ಕೂತ್ಕೊ' ಎಂದರೆ ಇನ್ನೊಬ್ಬರು 'ಸಿಟ್' ಎನ್ನುತ್ತಿದ್ದರು, ಕೆಲಸದವಳು 'ಕುಂತ್ಕಳೇ' ಎನ್ನುತ್ತಿದ್ದಳು. ಒಂದೇ ಕೆಲಸಕ್ಕೆ ಒಂದೇ ಮಾತು ಎಂದು ಅಡುಗೆಮನೆಯ ಗೋಡೆಗೆ ಚೀಟಿ ಅಂಟಿಸಬೇಕಾಯಿತು. ನಾವು ಹೊರಗಿನಿಂದ ಬಂದಾಗ, ಅತ್ತೆಯವರು ಕೋಣೆಯಿಂದ ವಾಕರ್ ಸಪ್ಪಳ ಮಾಡುತ್ತ ಬಂದಾಗ, ಗೋಣಿತಾಟಿನ ಮೇಲೆ ಹೋಗಿ ಕೂರಬೇಕು. ಇದು ಮೊದಲು ಒಂದು ಹೆಜ್ಜೆ ದೂರದಿಂದ, ಆಮೇಲೆ ನಡುಮನೆಯಿಂದ, ಆಮೇಲೆ ಬಾಗಿಲಿನಿಂದ. ಹದಿನೈದು ದಿನ ಎಂದದ್ದು ತಿಂಗಳಾಯಿತು. ಆದರೆ ತೋಟದ ಮನೆಯ ಮಾತು ಮತ್ತೆ ಬರಲಿಲ್ಲ.

ಅದೇ ದಿನಗಳಲ್ಲಿ ಅತ್ತೆಯವರಿಗೆ ನಡಿಗೆ ಕಲಿಸಲು ಫಿಸಿಯೋಥೆರಪಿಯ ಹುಡುಗಿ ಬರುತ್ತಿದ್ದಳು. ಇವತ್ತು ಮಂಚದಿಂದ ಕುರ್ಚಿಗೆ, ನಾಳೆ ಕುರ್ಚಿಯಿಂದ ಹೊಸಿಲಿಗೆ. ಪ್ರತಿ ಹೆಜ್ಜೆಗೂ "ಭೇಷ್ ಅಜ್ಜಿ, ಅಷ್ಟೇ, ಇನ್ನೊಂದು" ಎನ್ನುತ್ತಿದ್ದಳು. ನಡುಮನೆಯ ಒಂದು ತುದಿಯಲ್ಲಿ ಅತ್ತೆಯವರ ಪಾಠ, ಇನ್ನೊಂದು ತುದಿಯಲ್ಲಿ ಬೆಳ್ಳಿಯ ಪಾಠ. ಒಂದು ಸಂಜೆ ಎರಡೂ ಮುಗಿದ ಮೇಲೆ ಅವರು ಎಡಗೈಯ ಮಣಿಕಟ್ಟನ್ನು ನನ್ನ ಮುಂದೆ ಹಿಡಿದರು. ಅಲ್ಲೊಂದು ಹಳೆಯ ಕಲೆ ಇರುವುದನ್ನು ನಾನು ಮದುವೆಯಾಗಿ ಬಂದ ದಿನದಿಂದಲೂ ನೋಡಿದ್ದೆ.

"ನಂಗೆ ಹದಿನಾಲ್ಕು ವರ್ಷ ಕಣವ್ವ, ಈ ಮನೆಗೆ ಬಂದಾಗ. ಮುದ್ದೆ ಗಂಟಾಯ್ತು ಅಂತ ನಮ್ಮತ್ತೆ ಬಿಸಿ ಹಿಟ್ಟಿನ ಕೋಲಲ್ಲೇ ಬಿಟ್ರು. ಮುದ್ದೆ ಕಟ್ಟೋದು ಕಲಿತೆ, ಇಲ್ಲ ಅನ್ನಲ್ಲ. ಆದ್ರೆ ಅವರು ಸಾಯೋಗಂಟ ಅವರ ಮುಂದೆ ನಿಂತ್ರೆ ಕೈ ನಡುಗ್ತಿತ್ತು. ನೋಡು, ಈ ನಾಯಿ ನಿನ್ನ ಮುಂದೆ ಎಂಗೆ ಬಾಲ ಅಲ್ಲಾಡುಸ್ಕೊಂಡು ಕುಂತದೆ."

ನಾನು ಏನೂ ಹೇಳಲಿಲ್ಲ. ಹೇಳುವಂಥದ್ದೇನಿತ್ತು? ನೂರು ವರ್ಷದ ಸಂಶೋಧನೆ ಹೇಳುವುದನ್ನೇ ಅವರು ಹೇಳಿದ್ದರು. ಕೋಲಿನಿಂದಲೂ ಪ್ರಾಣಿ ಕಲಿಯುತ್ತದೆ. ಆದರೆ ಪಾಠದ ಜೊತೆಗೆ ಕೋಲು ಹಿಡಿದವರ ಭಯವನ್ನೂ ಕಲಿಯುತ್ತದೆ. ಪೋರ್ಚುಗಲ್‌ನಲ್ಲಿ 92 ಸಾಕು ನಾಯಿಗಳನ್ನು ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ದಂಡನೆ ಹೆಚ್ಚಾಗಿರುವ ತರಗತಿಗಳ ನಾಯಿಗಳಲ್ಲಿ ಆತಂಕದ ಲಕ್ಷಣಗಳು ಹೆಚ್ಚೆಂದು ತೋರಿಸಿತು. 2021ರಲ್ಲಿ ಅಮೆರಿಕದ ಪ್ರಾಣಿ ವರ್ತನೆಯ ಪಶುವೈದ್ಯರ ಸಂಘ, ನಾಯಿಗೆ ಬಹುಮಾನದ ಪದ್ಧತಿಯಿಂದಲೇ ಕಲಿಸಬೇಕು ಎಂದು ಹೇಳಿಕೆ ಕೊಟ್ಟಿತು. ಹಂಗರಿಯ ಬುಡಾಪೆಸ್ಟ್‌ನಲ್ಲಿ ಎಂ.ಆರ್.ಐ. ಯಂತ್ರದೊಳಗೆ ಅಲುಗಾಡದೆ ಮಲಗುವುದನ್ನು 13 ನಾಯಿಗಳಿಗೆ ಪ್ರೀತಿಯಿಂದಲೇ ಕಲಿಸಿ, ಹೊಗಳಿಕೆಯ ಮಾತೂ ಹೊಗಳಿಕೆಯ ದನಿಯೂ ಎರಡೂ ಕೂಡಿದಾಗ ಅವುಗಳ ಮೆದುಳು ಸಂತೋಷಪಡುತ್ತದೆಂದು 2016ರಲ್ಲಿ ಕಂಡುಕೊಂಡರು. ಒಂದನ್ನು ಆಡಿ ಇನ್ನೊಂದನ್ನು ದನಿಯಲ್ಲಿ ತೋರಿಸಿದರೆ ನಾಯಿಗೂ ಗೊತ್ತಾಗುತ್ತದೆ, ನೋಡಿ!

ನಮ್ಮ ದೇಶದಲ್ಲಿಯೂ ಈ ದಾರಿ ಕಾನೂನಿನವರೆಗೆ ಬಂದಿದೆ. ಭರತನಾಟ್ಯದ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯ ಸದಸ್ಯೆಯಾಗಿದ್ದಾಗ ಪ್ರಾಣಿಹಿಂಸೆಯ ವಿರುದ್ಧ ಖಾಸಗಿ ಮಸೂದೆ ತಂದರು. ಅದರ ಫಲವಾಗಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ನಾಯಿಯನ್ನು ಸದಾ ಕಟ್ಟಿಹಾಕಿ ಅಡ್ಡಾಡಿಸದೆ ಇಡುವುದೂ ಅದರ ಪ್ರಕಾರ ಹಿಂಸೆಯೇ. ಶಾಲೆಯ ಮಕ್ಕಳನ್ನು ಹೊಡೆಯಬಾರದು, ಮನಸ್ಸು ನೋಯಿಸಬಾರದು ಎಂದು ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಬರಲು ಮಾತ್ರ 2009ರ ಶಿಕ್ಷಣ ಹಕ್ಕು ಕಾಯ್ದೆಯವರೆಗೆ ಕಾಯಬೇಕಾಯಿತು. ನಾಯಿಗಿಂತ ನಲವತ್ತೊಂಬತ್ತು ವರ್ಷ ತಡವಾಗಿ ಮಕ್ಕಳ ಸರದಿ ಬಂತು. ಶಿಕ್ಷಕರ ಕೊಠಡಿಯಲ್ಲಿ ಈ ಲೆಕ್ಕ ಹೇಳಿದಾಗ ಯಾರೂ ನಗಲಿಲ್ಲ.

ಬಹುಮಾನದಿಂದ ಎಲ್ಲವೂ ಆಗಿಬಿಡುತ್ತದೆ ಎಂದು ಮಾತ್ರ ನಾನು ಹೇಳಲಾರೆ. ಅದನ್ನೂ ಬ್ರೆಲೆಂಡ್ ದಂಪತಿಗಳೇ 1961ರಲ್ಲಿ ಬರೆದಿದ್ದಾರೆ. ಡಬ್ಬಿಗೆ ನಾಣ್ಯ ಹಾಕುವುದನ್ನು ಕಲಿತ ಹಂದಿ ಸ್ವಲ್ಪ ಕಾಲದ ಮೇಲೆ ನಾಣ್ಯವನ್ನು ನೆಲಕ್ಕೆ ಹಾಕಿ ಮೂಗಿನಿಂದ ಕೆದರತೊಡಗಿತು. ರಕೂನ್ ಎಂಬ ಪ್ರಾಣಿ ನಾಣ್ಯಗಳನ್ನು ಬಿಡದೆ ಒಂದಕ್ಕೊಂದು ಉಜ್ಜುತ್ತ ಕೂತಿತು. ಎಷ್ಟು ತಿಂಡಿ ಕೊಟ್ಟರೂ ಹುಟ್ಟುಗುಣ ಇಣುಕುತ್ತದೆ. ಮುಧೋಳದ ನಾಯಿ ಓಡಲೆಂದೇ ಹುಟ್ಟಿದ್ದು. 2016ರಲ್ಲಿ ಅದರ ಮರಿಗಳನ್ನು ಸೈನ್ಯದವರು ಮೀರತ್ತಿಗೆ ಒಯ್ದು ತರಬೇತಿ ಕೊಟ್ಟಾಗ ಕರ್ನಾಟಕದವರೆಲ್ಲ ಹೆಮ್ಮೆಪಟ್ಟೆವು. ನಮ್ಮ ಬೆಳ್ಳಿ ಬೀದಿಯಲ್ಲಿ ಹುಟ್ಟಿದ್ದು. ಮೀನು ಮಾರುವವನ ಗಂಟೆ ಕೇಳಿದರೆ ಇವತ್ತಿಗೂ ಗೋಣಿತಾಟು, ಬಾಲ್‌ಪೆನ್ನು, ನಾನು, ಯಾವುದೂ ಅದರ ಲೆಕ್ಕಕ್ಕಿಲ್ಲ. ನಾಯಿ ಬಾಲ ಡೊಂಕು ಎಂದು ಗಾದೆ ಮಾಡಿದವರು ಬಾಲವನ್ನು ನೆಟ್ಟಗೆ ಮಾಡಲು ಯಾಕೆ ಅಷ್ಟು ಕಷ್ಟಪಟ್ಟರೋ! ಅದು ಅಲ್ಲಾಡುತ್ತಿದ್ದರೆ ಸಾಲದೇ?

ಈಗ ಬೆಳ್ಳಿಗೆ ಒಂಬತ್ತು ವರ್ಷ, ಮೂತಿ ನರೆತಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವವರು ಬಂದು ನೋಡಲಿ. ಕೆಳಗೆ ಬಿದ್ದ ಕನ್ನಡಕದ ಡಬ್ಬಿಯನ್ನು ಎತ್ತಿಕೊಡುವುದನ್ನು ಅದು ಕಳೆದ ತಿಂಗಳು ಕಲಿತಿದೆ. ಕಲಿಸಿದವಳು ನಾನಲ್ಲ, ಬಗ್ಗಲಾರದ ಎಂಬತ್ತೆರಡರ ಅತ್ತೆಯವರು. ನನ್ನ ಕೆಂಪು ಪೆನ್ನು ಈಗ ಅವರ ಸೆರಗಿನ ತುದಿಯಲ್ಲಿರುತ್ತದೆ. ಉತ್ತರ ಪತ್ರಿಕೆ ತಿದ್ದಲು ನಾನು ಬೇರೆ ಕೊಂಡುಕೊಂಡಿದ್ದೇನೆ.